ಅಗಿದ ವೀಳ್ಯ ವಾಪಸ್ ಕೊಟ್ಟ ಬೊಮ್ಮಮ್ಮ

ನನ್ನ ಅಕ್ಷರ ಸೊಟ್ಟ. ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು, ಆಮೇಲೆ ಪೆನ್ನು ಹಿಡಿದದ್ದು ಕಡಿಮೆ. ಮಾತು ಎಲ್ಲಾದರೂ ತಪ್ಪಿದ್ದರೆ ಓದುವವರು ಮನ್ನಿಸಬೇಕು. ನಡೆದದ್ದನ್ನು ಮಾತ್ರ ತಪ್ಪಿಲ್ಲದೆ ಬರೆದಿದ್ದೇನೆ. ನನಗೆ ಗೊತ್ತಿಲ್ಲದ್ದನ್ನು ದೊಡ್ಡವ್ವನನ್ನೇ ಕೇಳಿ, ಸರಿ ಎಂದ ಮೇಲೆ ಬರೆದೆ.

ದೊಡ್ಡವ್ವ ಅಂದರೆ ನನ್ನ ಅವ್ವನ ಅಕ್ಕ, ಬೊಮ್ಮಮ್ಮ. ಕೂಲಿ ಮಾಡುತ್ತಾಳೆ. ಕೋಸು ಕೊಯ್ಯಲು, ಆಲೂಗೆಡ್ಡೆ ಕೀಳಲು, ಅರಿಶಿನ ಬಿಡಿಸಲು ಯಾರು ಕರೆದರೂ ಹೋಗುತ್ತಾಳೆ. ನಮ್ಮದು ಕನ್ನಡದ ಊರಾದರೂ ಇರುವುದು ತಮಿಳುನಾಡಿನಲ್ಲಿ. ಹಿಂದೆ ತಾಳವಾಡಿಗೆ ಹೋಗುವ ಬಸ್ಸು ಮೇಲಿನ ಕೇರಿಯಲ್ಲಿ ನಿಲ್ಲುತ್ತಿತ್ತು, ನಮ್ಮ ಕೆಳಗಿನ ಕೇರಿಯಲ್ಲಿ ನಿಲ್ಲುತ್ತಿರಲಿಲ್ಲ. ಒಂದು ದಿನ ದೊಡ್ಡವ್ವ ರಸ್ತೆ ಮಧ್ಯೆ ಕೋಸಿನ ಮೂಟೆ ಇಟ್ಟು ಅದರ ಮೇಲೆ ಕೂತಳು. ಕಂಡಕ್ಟರು ತಮಿಳಿನಲ್ಲಿ ಬೈದ, ಇವಳು ಕನ್ನಡದಲ್ಲಿ ಬೈದಳು. ಆವತ್ತಿನಿಂದ ಬಸ್ಸು ನಿಲ್ಲುತ್ತದೆ.

ಬೀದಿ ದೀಪದ ಕಂಬಗಳು ಮಾತ್ರ ಇನ್ನೂ ಮಾರಿಗುಡಿಯ ಹತ್ತಿರವೇ ನಿಂತಿವೆ. ಅದರಾಚೆ ನಮ್ಮ ಕೇರಿ, ಬರೀ ಕತ್ತಲು. ಎದುರಿಗೆ ನಿಂತಿರುವುದು ಹಲಸಿನ ಮರವೋ ಆನೆಯೋ ಹತ್ತಿರ ಹೋಗುವ ತನಕ ತಿಳಿಯುವುದಿಲ್ಲ. ಹೋದ ವರ್ಷ ಬೆಳಗಿನ ಜಾವ ಹೊರಕ್ಕೆ ಹೋದ ಚಿಕ್ಕತಾಯಮ್ಮಜ್ಜಿಯನ್ನು ಆನೆ ತಳ್ಳಿ, ಅವರ ಸೊಂಟ ಮುರಿಯಿತು. ದೊಡ್ಡವ್ವ ಹೋಗಿ ದೀಪ ಕೇಳಿದಳು. ಊರಿನ ಯಜಮಾನರಾದ ನಂಜಯ್ಯನವರು, "ಆನೆಗ ದಾರಿ ಗೊತ್ತು ಕಣಮ್ಮಿ, ಅದ್ಕ ದೀಪ ಯಾಕ?" ಎಂದು ನಕ್ಕರು.

ಪಂಚಾಯ್ತಿ ಎಲೆಕ್ಷನ್ ಬಂತು. ನಮ್ಮ ವಾರ್ಡು ಹೆಂಗಸರಿಗೆ ಎಂದಾಯಿತು. ನಂಜಯ್ಯನವರ ಸೊಸೆ ಲೋಕೇಶ್ವರಿ ನಿಂತರು. ದೊಡ್ಡವ್ವ ಯಾರಿಗೂ ಹೇಳದೆ ತಾಳವಾಡಿಗೆ ಹೋಗಿ ತಾನೂ ಹೆಸರು ಕೊಟ್ಟು ಬಂದಳು.

ನಮ್ಮೂರಲ್ಲಿ ಒಂದು ಪದ್ಧತಿ ಇದೆ. ಇಬ್ಬರು ನಿಂತರೆ, ಹೆಸರು ವಾಪಸ್ ತೆಗೆದುಕೊಳ್ಳುವ ಕೊನೆಯ ದಿನ ಯಜಮಾನರು ಚಾವಡಿಯಲ್ಲಿ ಸೇರುತ್ತಾರೆ. ತಮಗೆ ಬೇಡದವರಿಗೆ ದೇವರ ಹೆಸರಿನಲ್ಲಿ ವೀಳ್ಯ ಕೊಡುತ್ತಾರೆ. ಹಿಡಿದರೆ ಒಪ್ಪಿದ ಹಾಗೆ. ಆಮೇಲೆ ಜೀಪಿನಲ್ಲಿ ತಾಳವಾಡಿಯ ಪಂಚಾಯ್ತಿ ಯೂನಿಯನ್ ಆಫೀಸಿಗೆ ಕರೆದೊಯ್ದು ಸಹಿ ಹಾಕಿಸುತ್ತಾರೆ. ಹಾಗಾಗಿ ನಮ್ಮ ವಾರ್ಡಿನಲ್ಲಿ ಮೆಂಬರ್ ಸ್ಥಾನಕ್ಕೆ ಈವರೆಗೆ ವೋಟೇ ನಡೆದಿಲ್ಲ.

"ನಾ ಕೈಯ ಸೀರೆ ಒಳಗೇ ಇಟ್ಕತೀನಿ. ಅದೆಂಗ ಕೊಟ್ಟಾರು ನೋಡ್ತೀನಿ" ಎಂದಿದ್ದಳು ದೊಡ್ಡವ್ವ.

ಆ ಕೊನೆಯ ದಿನ ಯಜಮಾನರು ಅವಳನ್ನು ಕರೆಯಲೇ ಇಲ್ಲ. ಅವಳು ಹೊಲದಲ್ಲಿದ್ದಾಗ ಅವಳ ಗಂಡ ರಾಚ ದೊಡ್ಡಪ್ಪನನ್ನು ಕರೆದರು. ದೊಡ್ಡಪ್ಪ ಚಿಕ್ಕಂದಿನಿಂದ ನಂಜಯ್ಯನವರ ಕೊಟ್ಟಿಗೆಯಲ್ಲಿ ಕೆಲಸಕ್ಕಿರುವವನು. ಅವರು ಏನು ನೀಡಿದರೂ ಅವನ ಎರಡು ಕೈಯೂ ತಾವಾಗಿಯೇ ಬೊಗಸೆಯಾಗುತ್ತವೆ. ಆವತ್ತೂ ಆದವು. ಮನೆಗೆ ಬಂದಾಗ ಅವನ ಬಾಯಿ ಕೆಂಪಗಿತ್ತು.

"ತಪ್ಪಾಗೋಯ್ತು ಕಣಮ್ಮಿ. ಅವ್ರು ನೀಡುದ್ರು, ನನ್ ಕೈ ಅದಾಗೇ ಓಯ್ತು."

"ಕೈ ಓಯ್ತು, ಸರಿ. ಬಾಯಿ ಯಾಕ ಓಯ್ತು?"

"ಅಡಕ ಚೆನ್ನಾಗಿತ್ತು..."

ನನಗೆ ನಗು ಬಂತು. ದೊಡ್ಡವ್ವ ನಗಲಿಲ್ಲ. ಉಳಿದಿದ್ದ ಎಲೆ ಅಡಿಕೆಯನ್ನು ಅವನ ಟವೆಲ್ಲಿನಿಂದ ಬಿಡಿಸಿಕೊಂಡು, ಹೊಲದ ಮಣ್ಣಿನ ಕಾಲಿನಲ್ಲೇ ಚಾವಡಿಗೆ ನಡೆದಳು. ನಾನು ಹಿಂದೆ ಹೋದೆ. ದೊಡ್ಡಪ್ಪ ನನ್ನ ಹಿಂದೆ.

ಜೀಪು ನಿಂತಿತ್ತು. ನಂಜಯ್ಯನವರು ಜಗಲಿ ಮೇಲಿಂದಲೇ, "ಜೀಪ ಅತ್ತು ಕಣಮ್ಮಿ, ಒತ್ತಾಯ್ತು. ನಿನ್ ಗಂಡ ದೇವರ ವೀಳ್ಯ ತಿಂದವ್ನ" ಎಂದರು.

"ತಿಂದೋನು ಅವ. ಎಲೆಕ್ಸನ್‌ಗ ನಿಂತೋಳು ನಾನು. ಸಯಿ ಬೇಕಾದ್ರ ಅವನ್ನೇ ಕೂರುಸ್ಕಂಡು ಓಗಿ."

ಜಗಲಿಯ ಮೂಲೆಯಲ್ಲಿ ಯಾರೋ ಟವೆಲ್ಲು ಬಾಯಿಗೆ ಅಡ್ಡ ಹಿಡಿದು ನಕ್ಕರು.

"ಗಂಡ ಇಡಿದ್ರ ಎಂಡ್ತಿ ಇಡಿದಂಗೆ. ದೇವರ ವೀಳ್ಯವ ವಾಪಸ್ ಕೊಟ್ಟೋರು ಈ ಊರಲ್ಲಿ ಯಾರೂ ಇಲ್ಲ."

"ಇನ್ಮ್ಯಾಲ ಒಬ್ಬಳವ್ಳ." ದೊಡ್ಡವ್ವ ಎಲೆಗಳನ್ನು ಜಗಲಿಯ ಅಂಚಿಗೆ ಇಟ್ಟಳು. "ನಾ ದೇವರಿಗ ಬ್ಯಾಡ ಅಂದಿಲ್ಲ. ನಿಮಗ ಅಂದೆ, ನಂಜಯ್ಯನೋರೆ."

ನಮ್ಮ ಕೇರಿಯವರು ಅವರನ್ನು 'ಬುದ್ಧಿ' ಎಂದೇ ಕರೆಯುವುದು. ಅವರ ಹೆಸರನ್ನು ಅವರೆದುರಿಗೇ ನಮ್ಮವರ ಬಾಯಲ್ಲಿ ಕೇಳಿದ್ದು ನಾನು ಅದೇ ಮೊದಲು.

ನಂಜಯ್ಯನವರ ಮುಖ ಕಪ್ಪಾಯಿತು. "ನಾಳಿಂದ ನಿಮ್ ಕೇರಿ ಆಳು ನಮ್ಮ ಒಲಕ್ಕ ಬ್ಯಾಡ."

"ಕೋಸ ನೀವೇ ಕುಯ್ಕಳಿ. ಲೋಕೇಸ್ವರಮ್ಮನ್ನೂ ಕರ್ಕಳಿ. ಬಗ್ಗಿ ಅಭ್ಯಾಸ ಆದ್ರ ಓಟು ಕೇಳಾಕ ಸುಲಭ ಆಯ್ತದ."

ಅವಳು ಮನೆಗೆ ಬರಲಿಲ್ಲ. ಬಂದರೆ, ಹಿತ್ತಿಲ ದಾರಿಯಲ್ಲಿ ಹೋಗಿ ಸಹಿ ಹಾಕಿದಳು ಎಂದು ಸುದ್ದಿ ಹಬ್ಬಿಸುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಎಲ್ಲರಿಗೂ ಕಾಣುವ ಹಾಗೆ ಚಾವಡಿಯ ಎದುರಿನ ಕಲ್ಲಿನ ಮೇಲೆ ಬಿಸಿಲಿನಲ್ಲಿ ಕೂತಳು. ದೊಡ್ಡಪ್ಪ ನಲ್ಲಿಯಲ್ಲಿ ಬಾಯಿ ಮುಕ್ಕಳಿಸಿ ಬಂದು ಅವಳ ಪಕ್ಕ ಕೂತ. ನಂಜಯ್ಯನವರು ಅವನನ್ನು ಹೆಸರು ಹಿಡಿದು ಕೂಗಿದರು. ಅವನು ಏಳಲು ಹೋದ. ದೊಡ್ಡವ್ವ ನೋಡಿದಳು. ಕೂತ. ಆಫೀಸು ಮುಚ್ಚುವ ಹೊತ್ತು ದಾಟಿದ ಮೇಲೆ ಜೀಪು ಖಾಲಿಯಾಗಿಯೇ ತಿರುಗಿ ಹೋಯಿತು.

ಈಗ ಕೂಲಿಯವರ ಟೆಂಪೋ ನಮ್ಮ ಕೇರಿಯಲ್ಲಿ ನಿಲ್ಲಿಸದೆ ಹೋಗುತ್ತದೆ. ನಮ್ಮವರಿಗೇ ಸಿಟ್ಟಿದೆ. ಪಕ್ಕದ ಮನೆಯ ಪರಿಮಳಕ್ಕ, "ನಿನ್ ದೀಪದಲ್ಲಿ ರಾಗಿ ಇಟ್ಟು ಬೇಯ್ತದ?" ಎಂದು ಮುಖಕ್ಕೇ ಕೇಳಿದರು. "ಬೇಯಲ್ಲ. ಬೆಂದಿದ್ದು ಕಾಣ್ತದ" ಎಂದಳು ದೊಡ್ಡವ್ವ. ಚಾಮರಾಜನಗರದ ಕಡೆ ಆಲೂಗೆಡ್ಡೆ ಕೀಳಲು ಆಳು ಬೇಕೇ ಎಂದು ವಿಚಾರಿಸಿಕೊಂಡು ಬಂದು, ಮಾರನೇ ದಿನ ಪರಿಮಳಕ್ಕನನ್ನೇ ಮೊದಲು ಕರೆದುಕೊಂಡು ಹೋದಳು. ಆದರೂ ಅಲ್ಲಿ ದಿನಾ ಕೆಲಸ ಇರುವುದಿಲ್ಲ. ಅವಳು ಗೆಲ್ಲುತ್ತಾಳೋ ಇಲ್ಲವೋ ನನಗೆ ತಿಳಿಯದು.

ಅವಳಿಗೆ ಬಂದಿರುವ ಚಿಹ್ನೆ ಬೀಗ ಮತ್ತು ಬೀಗದ ಕೈ. ನಾಳೆ ಮೇಲಿನ ಕೇರಿಗೆ ವೋಟು ಕೇಳಲು ಹೋಗುತ್ತಾಳೆ. ಜೊತೆಗೆ ಬರಲು ಇನ್ನೂ ಯಾರೂ ಒಪ್ಪಿಲ್ಲ. ಹೊರಗಿನವರ ಮುಂದೆ ನನಗೆ ಬಾಯಿ ಬರುವುದಿಲ್ಲ, ನೆಲ ನೋಡುತ್ತಾ ನಿಲ್ಲುತ್ತೇನೆ. ನಾಳೆ ನಾನು ಅವಳ ಜೊತೆ ಹೋಗುತ್ತೇನೆ. ನಂಜಯ್ಯನವರ ಮನೆ ಬಾಗಿಲಲ್ಲಿ ಚಿಹ್ನೆ ಯಾವುದೆಂದು ನಾನೇ ಹೇಳುತ್ತೇನೆ.