ಬೆಲ್ಲದ ತೂಕ, ಅಕ್ಕನ ಕಿವಿ

ಬೀರಪ್ಪ ದೇವರನ್ನು ನಂಬಿದ ಬಂಧುಗಳೇ, ೧೯೮೪ರ ಶ್ರಾವಣದಲ್ಲಿ ನನ್ನ ಅಕ್ಕ ಯಲ್ಲವ್ವನಿಗೆ ಕಿಡ್ನಿಯಲ್ಲಿ ಕೀವಾಗಿ ಜ್ವರ ನೆತ್ತಿಗೇರಿತು. ಹುನಗುಂದದಿಂದ ಬಸ್ಸಿನಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡು ಬಾಗಲಕೋಟೆಯ ದವಾಖಾನೆಗೆ ತಂದೆ. ಅವ್ವ, ಅಪ್ಪ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ಮದುವೆಯಾಗದ ನನಗೆ ಮಾತಾಡಲು ಇದ್ದವಳೂ ಅವಳೊಬ್ಬಳೇ.

"ಈಕಿ ತೂಕ ಎಷ್ಟಪಾ?" ಎಂದರು ಡಾಕ್ಟರು. ಅಕ್ಕನಿಗೆ ನಿಲ್ಲುವ ತ್ರಾಣವಿರಲಿಲ್ಲ. ನಾನು ದೊಡ್ಡ ಜಾಣನಂತೆ, "ಐವತ್ತ ಕೇಜಿ ರೀ. ಮೊನ್ನೆ ಹರಕಿ ತೀರಿಸಾಕ ತಕ್ಕಡ್ಯಾಗ ಕೂಡಿಸಿ ದೇವರಿಗೆ ಈಕಿ ತೂಕದ ಬೆಲ್ಲ ಕೊಟ್ಟೇವಿ" ಎಂದೆ. ದಿನಕ್ಕೆ ಮೂರು ಇಂಜೆಕ್ಷನ್ ಶುರುವಾಯಿತು.

ನಾಲ್ಕನೆಯ ದಿನ ಜ್ವರ ಇಳಿಯಿತು. ಆದರೆ ಅಕ್ಕ, "ಕಿವ್ಯಾಗ ಗುಂಯ್ ಅನ್ನಾಕತ್ತೈತಿ ತಮ್ಮಾ" ಎಂದಳು. ಮರುದಿನ ಒಂದು ಮಾತನ್ನು ಎರಡು ಸಲ ಹೇಳಬೇಕಾಯಿತು.

ಡಾಕ್ಟರ ಮುಖ ಸಣ್ಣದಾಯಿತು. "ಕಿಡ್ನಿ ಸೋತ್ರ ಔಷಧ ರಕ್ತದಾಗ ನಿಂತು ಕಿವಿ ಕೆಡಸ್ತೈತಿ. ಎಷ್ಟು ನಿಂತೈತಿ ಅಂತ ನೋಡೂ ಯಂತ್ರ ಇಲ್ಲಿಲ್ಲ. ವಯಸ್ಸು, ತೂಕ, ರಕ್ತದ ರಿಪೋರ್ಟು ನೋಡಿ ಅಂದಾಜು ಮಾಡೇನಿ. ಆ ಲೆಕ್ಕದಾಗ ಹಿಂಗ ಆಗಬಾರದಿತ್ತು."

ಉಳಿದವರ ಮಂಚದ ಸುತ್ತ ಬಳಗ, ರೊಟ್ಟಿಗಂಟು, ನಗು. ನಾನೊಬ್ಬನೇ ಮೆಟ್ಟಿಲ ಮೇಲೆ ಚಹಾದಲ್ಲಿ ಬನ್ನು ಅದ್ದಿ ತಿನ್ನುತ್ತಿದ್ದೆ. ಅವಳ ಕಿವಿ ಹೋದರೆ ಉಂಡೆ, ಬಂದೆ ಎಂದು ಯಾರಿಗೆ ಹೇಳಲಿ? ಭಾಳ ಅತ್ತೆ. ಸಿಟ್ಟೂ ಬಂತು. "ಯಪ್ಪಾ ಬೀರಪ್ಪಾ, ಅಷ್ಟು ಬೆಲ್ಲ ತೂಗಿಸಿಕೊಂಡಿ, ನೀ ಏನ್ ಕೊಟ್ಟಿ?" ಎಂದು ಬೈದೇಬಿಟ್ಟೆ.

ಬೈಯುತ್ತಿದ್ದಂತೆಯೇ ಆ ತಕ್ಕಡಿ ಕಣ್ಣಮುಂದೆ ಬಂತು. ದೇವರಿಗೆ ಕಡಿಮೆಯಾಗಬಾರದೆಂದು, ನಮ್ಮ ಮನೆತನದಲ್ಲಿ ಹರಕೆಯವರು ತೊಡೆಯ ಮೇಲೆ ನೀರು ತುಂಬಿದ ಕೊಡ ಇಟ್ಟುಕೊಂಡೇ ತೂಗಿಸಿಕೊಳ್ಳುತ್ತಾರೆ! ಅಕ್ಕನೂ ಹಾಗೆಯೇ ಕೂತಿದ್ದಳು.

ಓಡಿಹೋಗಿ ಹೇಳಿದೆ: "ಸಾಹೇಬ್ರ, ತಪ್ಪಾತ್ರಿ. ಆ ಐವತ್ತರಾಗ ತುಂಬಿದ ಕೊಡಾನೂ ಐತ್ರಿ."

"ಎಂಥಾ ಮಂದಿನೋ ನೀವು!" ಎಂದ ಡಾಕ್ಟರು ಅಕ್ಕನನ್ನು ನನ್ನ ಕೈಯಲ್ಲೇ ಎತ್ತಿಸಿ, ನನ್ನನ್ನು ತೂಕದ ಕಾಟಾದ ಮೇಲೆ ನಿಲ್ಲಿಸಿದರು, ಬಂದದ್ದರಲ್ಲಿ ನನ್ನ ತೂಕ ಕಳೆದರು. ಉಳಿದದ್ದು ಮೂವತ್ತಾರು. ಹೊಸ ರಕ್ತದ ರಿಪೋರ್ಟಿನಲ್ಲಿ ಕಿಡ್ನಿಯೂ ಇನ್ನಷ್ಟು ಸೋತಿತ್ತು. ಮತ್ತೆ ಲೆಕ್ಕ ಹಾಕಿ ಅಂದಿನ ಇಂಜೆಕ್ಷನ್ ನಿಲ್ಲಿಸಿದರು. ಮರುದಿನದಿಂದ ದಿನಕ್ಕೊಂದೇ, ಅದೂ ಸಣ್ಣದು.

ಡಾಕ್ಟರ ಲೆಕ್ಕ ಸರಿಯಾಗಿತ್ತು, ತಪ್ಪಿದ್ದು ನನ್ನ ಮಾತು. ಬೈದವನಿಗೂ ಬುದ್ಧಿ ಕೊಟ್ಟ ಬೀರಪ್ಪನನ್ನು ನಾನು ಸಾಯುವತನಕ ಬಿಡುವುದಿಲ್ಲ. ಅಕ್ಕನ ಎಡಗಿವಿ ಈಗಲೂ ತುಸು ಮಂದ, ಇರಲಿ.

ಒಂಬತ್ತನೆಯ ದಿನ ಅವಳ ಮಂಚದ ಪಕ್ಕ ನೆಲದ ಮೇಲೆ ಕುಳಿತು, ಗೋಡೆಯ ಕಡೆ ತಿರುಗಿ, ದೇವರಿಗೆ ಮೆಲ್ಲಗೆ ಶರಣು ಹೇಳುತ್ತಿದ್ದೆ. ಮೇಲಿನಿಂದ ಅಕ್ಕನ ದನಿ ಬಂತು:

"ಒಬ್ಬನ ಯಾರ ಕೂಡ ಮಾತಾಡಾಕತ್ತಿ ತಮ್ಮಾ? ನಾ ಅದೀನಲ್ಲ, ನನ್ನ ಕೂಡ ಮಾತಾಡು."