ಬಲಗಾಲು ಕಟ್ಟಿಕೊಂಡು ಹುಕ್ಕೇರಿಗೆ ಹೋದ ಮಿಸ್ತ್ರಿ

ಅವರ ಬಲಗಾಲಿನ ಹೆಬ್ಬೆರಳು ಉಳಿದ ಬೆರಳುಗಳಿಂದ ದೂರ ಸರಿದು, ಗ್ರೀಸು ಕುಡಿದು ಕರ್ರಗೆ ಮಿಂಚುತ್ತಿತ್ತು. ಬೈಕು ರಿಪೇರಿ ಮಾಡುವ ಗೋಕಾಕದ ಆ ಮಿಸ್ತ್ರಿ ಯಾರ ಗಾಡಿಯನ್ನು ಪರೀಕ್ಷಿಸುವುದಿದ್ದರೂ ಚಪ್ಪಲಿ ಬಿಟ್ಟೇ ಹತ್ತುತ್ತಿದ್ದರು. "ಚಪ್ಪಲಿ ಸುಳ್ಳ ಹೇಳತೈತ್ರಿ. ಬ್ರೇಕ್ ಹೆಂಗ ಹಿಡೀತೈತಿ ಅನ್ನೂದು ಕಾಲಿನ ಹೆಬ್ಬಟ್ಟಿಗೇ ಗೊತ್ತಾಗೂದು" ಎನ್ನುವುದು ಅವರ ಸಿದ್ಧಾಂತ.

ನಾನು ಮೂಡಲಗಿಯ ಕಡೆ ಹಳ್ಳಿ ಹಳ್ಳಿ ಸುತ್ತುವ ದನದ ಡಾಕ್ಟರು. ಒಮ್ಮೆ ಕರು ಹಾಕಿಸುವಾಗ ಎಮ್ಮೆಯೊಂದು ನನ್ನ ಬಲಪಾದದ ಮೇಲೆಯೇ ಕುಸಿದು ಮಲಗಿತು. ಮುರಿದ ಎಲುಬು ಕೂಡಿತು, ಆದರೆ ಪಾದ ಮಡಚಲಿಲ್ಲ. ಕಾಲಿನಿಂದ ಒತ್ತುವ ಬ್ರೇಕು ನನ್ನ ಪಾಲಿಗೆ ಮುಗಿಯಿತು. ಎಲ್ಲರೂ ಕೈಯಿಂದಲೇ ಬ್ರೇಕು ಹಿಡಿಯುವ ಸ್ಕೂಟರ್ ತೆಗೆದುಕೋ ಎಂದರು. ಹೇಳುವವರಿಗೇನು, ಅಂಟುವ ಕಪ್ಪು ಎರಿಮಣ್ಣಿನ ಗಾಡಿದಾರಿಯಲ್ಲಿ ಆ ಸಣ್ಣ ಗಾಲಿ ಹೂತರೆ ಎಳೆಯಲು ಬರುವವರು ಅವರಲ್ಲವಲ್ಲ! ಬೈಕು ಬಿಟ್ಟರೆ ನಾನು ಮೇಜಿನ ಹಿಂದೆ ಕುಳಿತು ಕಾಗದ ತಿರುವುವ ಡಾಕ್ಟರಾಗಬೇಕಿತ್ತು. ಅದನ್ನು ನೆನೆದರೇ ಮೈ ಉರಿಯುತ್ತಿತ್ತು.

ಮಿಸ್ತ್ರಿ ನನ್ನ ಕಾಲು ನೋಡಿದರು, ಬೈಕು ನೋಡಿದರು, ನಕ್ಕರು. "ಎಮ್ಮಿಗೆ ನಿಮ್ಮ ಮ್ಯಾಲೆ ಭಾಳ ಪ್ರೀತಿ ಬಿಡ್ರಿ, ಡಾಕ್ಟರ್ ಸಾಹೇಬ್ರ."

ನನ್ನ ಬೈಕಿನದು ಜೋಡಿ ಬ್ರೇಕು. ಕಾಲಿನಿಂದ ಒತ್ತಿದರೆ ಎರಡೂ ಗಾಲಿಗೆ ಹಿಡಿಯುತ್ತಿತ್ತು. ಆ ಜೋಡಣೆಯನ್ನು ಬಲಗೈಯ ಲಿವರಿಗೆ ತರಬೇಕಿತ್ತು. ಹೊಸ ಕೇಬಲ್ ಎಳೆದು, ಕಬ್ಬಿಣದ ಸಣ್ಣ ಪಟ್ಟಿ ಕೊರೆದು ಕೂಡಿಸಿದರು. ಮುಂದಿನ ಗಾಲಿ ಮೊದಲು ಕಚ್ಚುತ್ತದೆಂದು ಎರಡು ಸಲ ಬಿಚ್ಚಿ ಹಾಕಿದರು. "ಹಿಂದಿನ ಗಾಲಿ ಮನಿ ಹಿರ್ಯಾ ಇದ್ದಂಗ. ಮೊದಲ ಅವನ್ನ ಕೇಳಬೇಕು. ಮುಂದಿಂದು ಮೊದಲ ಹಿಡೀತಂದ್ರ ದಾರ್ಯಾಗ ಬಿದ್ದ ಕಬ್ಬಿನ ಒಣ ಎಲಿ, ರವದಿ ಮ್ಯಾಲೆ ಗಾಡಿನೂ ಮಲಗತೈತಿ, ನೀವೂ ಮಲಗತೀರಿ."

ಮೂರನೆಯ ಸಲ ಕೂಡಿಸಿದ ಮೇಲೆ ಪರೀಕ್ಷೆ. ಕಾಲಿನ ಬ್ರೇಕ್ ಪೆಡಲು ಇನ್ನೂ ಹಾಗೇ ಇತ್ತು. "ನನ್ನ ಕಾಲು ಕಳ್ಳ ಐತ್ರಿ, ನನಗ ಹೇಳದನ ಪೆಡಲ್ ಹುಡಕತೈತಿ" ಎಂದವರೇ ಹೆಗಲ ಮೇಲಿನ ಟವೆಲು ಕೊಟ್ಟು, ಬಲಗಾಲನ್ನು ಫುಟ್‌ರೆಸ್ಟಿಗೆ ಬಿಗಿಯಾಗಿ ಕಟ್ಟಿಸಿಕೊಂಡರು, ಅದೂ ನನ್ನ ಕೈಯಿಂದಲೇ! ಬೇಡ ಕಾಕಾ ಎಂದರೆ ಕೇಳುವ ಆಸಾಮಿಯೇ ಅಲ್ಲ. ಹುಕ್ಕೇರಿಯಲ್ಲಿ ಚಹಾ ಕುಡಿದು ಬರುತ್ತೇನೆಂದು ಹೊರಟೇ ಹೋದರು. ನನಗೆ ಕುಳಿತಲ್ಲಿ ಕೂರಲಾಗಲಿಲ್ಲ.

ಬಂದಾಗ ಮೊಣಕೈ ತರಚಿತ್ತು, ಮುಖದ ತುಂಬ ನಗು. ನಡೆದದ್ದಿಷ್ಟು: ಹುಕ್ಕೇರಿಯ ಚಹಾದಂಗಡಿಯ ಮುಂದೆ ಬೈಕು ಗೆರೆ ಕೊರೆದಂತೆ ನಿಂತಿದೆ. ಮಿಸ್ತ್ರಿ ಮಾತ್ರ ಕಾಲು ಕಟ್ಟಿದ್ದನ್ನು ಮರೆತು, ರೂಢಿಯಂತೆ ಬಲಗಾಲು ಊರಲು ಬಲಕ್ಕೆ ವಾಲಿ, ಬೈಕಿನ ಸಮೇತ ಉರುಳಿದ್ದಾರೆ.

"ಬ್ರೇಕ್ ಪಾಸ್ ಆತ್ರಿ! ಮಿಸ್ತ್ರಿ ಫೇಲ್ ಆದಾ!"

ಬರುವಾಗಲೂ ಅಂಗಡಿಯವನ ಕೈಯಿಂದ ಕಾಲು ಕಟ್ಟಿಸಿಕೊಂಡೇ ಬಂದಿದ್ದರು. ಆಮೇಲೆ ನನ್ನನ್ನು ಹತ್ತಿಸಿ, "ನಿಲ್ಲೂವಾಗ ಎಡಗಾಲ ಇಡ್ರಿ. ನಾ ಬಿದ್ದದ್ದ ಸಾಕು" ಎಂದರು.

ಆ ಮಧ್ಯಾಹ್ನ ಮೂಡಲಗಿಯವರೆಗೆ ನಾನು ಸುಮ್ಮಸುಮ್ಮನೆ ಎಷ್ಟು ಸಲ ಬ್ರೇಕು ಹಿಡಿದೆನೋ! ಅರಭಾವಿಯ ಬಸ್‌ಸ್ಟಾಪಿನಲ್ಲಿ ನಿಂತಿದ್ದ ಕಾಲೇಜು ಹುಡುಗರ ಮುಂದೆ ಖುಷಿ ತಡೆಯಲಾರದೆ ಜೋರಾಗಿ ಕೂಗಿಬಿಟ್ಟೆ. ಡಾಕ್ಟರಿಗೆ ಹುಚ್ಚು ಹಿಡಿದಿದೆ ಎಂದುಕೊಂಡಿರಬೇಕು. ಮರುದಿನದಿಂದ ನನ್ನ ಹಳ್ಳಿಗಳು ನನಗೆ ಮರಳಿ ಸಿಕ್ಕವು.

ಕಳೆದ ಚಳಿಗಾಲ ಮಿಸ್ತ್ರಿ ತೀರಿಕೊಂಡ ಸುದ್ದಿ ಬಂತು. ಅದೇ ಬೈಕಿನ ಮೇಲೆ ಗೋಕಾಕಕ್ಕೆ ಹೊರಟೆ. ಕಣ್ಣು ಮಂಜಾಗಿತ್ತು. ಹೊಲದ ದಾರಿಯಿಂದ ಕಬ್ಬಿನ ಟ್ರ್ಯಾಕ್ಟರ್ ಒಮ್ಮೆಲೇ ರಸ್ತೆಗೆ ನುಗ್ಗಿತು. ಬಲಗೈ ತಾನಾಗಿ ಲಿವರು ಹಿಡಿಯಿತು. ರಸ್ತೆಯ ತುಂಬ ರವದಿ ಬಿದ್ದಿದ್ದರೂ ಬೈಕು ಒಂದಿಷ್ಟೂ ಜಾರದೆ ಟ್ರೇಲರಿನಿಂದ ಒಂದು ಮೊಳ ಈಚೆಗೆ ನಿಂತಿತು. ಅವರಿಗೆ ಮಣ್ಣು ಕೊಡಲು ಹೊರಟವನ ಜೀವವನ್ನು ಅವರೇ ಉಳಿಸಿದ್ದರು. ಗೋಕಾಕ ಮುಟ್ಟಿ ಅವರ ಪಾದ ಹಿಡಿದಾಗ, ದಾರಿಯಲ್ಲಿ ನಡೆದದ್ದನ್ನೆಲ್ಲ ಅವರಿಗೆ ಒಂದೇ ಉಸಿರಿಗೆ ಹೇಳಿಬಿಟ್ಟೆ, ಸುತ್ತ ಕುಳಿತವರು ಏನೆಂದುಕೊಂಡರೋ ಏನೋ.