ಖಾಲಿ ಬರುವಾಗ ನಿಲ್ಲುವ ಗಾಡಿ

ಬಾಗಿಲು ಮಾಡುವ ಆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಬೆಂಕಿಪೊಟ್ಟಣ ಎನ್ನುತ್ತಿದ್ದರು. ಎದುರಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಕಾರ್ಖಾನೆ ಅವಳ ಅಣ್ಣನದು. ಮರ ಕೊಯ್ಯಿಸುವುದು, ಅಳತೆ ನೋಡುವುದು, ಗಿರಾಕಿಗಳ ಹತ್ತಿರ ಮಾತಾಡುವುದು ಅವನ ಪಾಲು. ಸಿದ್ಧವಾದ ಬಾಗಿಲುಗಳ ಮೂಲೆಗೆ ಹಳೇ ಕಂಬಳಿ ಸುತ್ತಿ, ಹಗ್ಗ ಬಿಗಿದು, ಅಪ್ಪನ ಕಾಲದ ಪಿಕಪ್‌ನಲ್ಲಿ ಮನೆಮನೆಗೆ ಮುಟ್ಟಿಸುವುದು ಅವಳ ಪಾಲು. ಆ ಗಾಡಿ ಓಡಿಸುವುದನ್ನು ಅಣ್ಣನಿಗಿಂತ ಮೊದಲು ಕಲಿತವಳೂ ಅವಳೇ.

ಬೇಸಿಗೆಯ ಶುರುವಿನಲ್ಲಿ ಗಾಡಿ ಕೈಕೊಡತೊಡಗಿತು. ಓಡುತ್ತಾ ಓಡುತ್ತಾ ಇದ್ದಕ್ಕಿದ್ದ ಹಾಗೆ ಎಂಜಿನ್ ನಿಲ್ಲುವುದು. ಕೀಲಿ ತಿರುಗಿಸಿದರೆ ದೀಪ ಹತ್ತುತ್ತಿತ್ತು, ಸ್ಟಾರ್ಟರ್ ಗರಗರ ತಿರುಗುತ್ತಿತ್ತು, ಎಂಜಿನ್ ಮಾತ್ರ ಹಿಡಿಯುತ್ತಿರಲಿಲ್ಲ. ಒಮ್ಮೊಮ್ಮೆ ತಕ್ಷಣ ಎದ್ದುಬಿಡುತ್ತಿತ್ತು, ಒಮ್ಮೊಮ್ಮೆ ಉರಿಬಿಸಿಲಲ್ಲಿ ಅರ್ಧ ಗಂಟೆ ಕಾಯಿಸುತ್ತಿತ್ತು. ಗ್ಯಾರೇಜಿನವನು ಪ್ಲಗ್ ಬದಲಿಸಿದ, ಕಾಯಿಲ್ ಬದಲಿಸಿದ. ಖಾಲಿ ಬರುವಾಗ ಮಾತ್ರ ನಿಲ್ಲುತ್ತದೆ ಎಂದು ಅವಳು ಹೇಳಿದಾಗಲೆಲ್ಲ ನಕ್ಕ. ಅವನ ಅಂಗಳದಲ್ಲಿ ನಿಲ್ಲಿಸಿದಾಗ ಮಾತ್ರ ಅದು ಏನೂ ಅರಿಯದ ಮಗುವಿನ ಹಾಗೆ ಸಮವಾಗಿ ಉಸಿರಾಡುತ್ತಿತ್ತು. "ಗಾಡಿಗೆ ಏನೂ ಆಗಿಲ್ಲ" ಎಂದು ಅವನು ಅಣ್ಣನಿಗೆ ಫೋನ್ ಮಾಡಿ ಹೇಳಿದ. ಅವಳು ಅಲ್ಲೇ ನಿಂತಿದ್ದಳು.

ಮಾರನೆಯ ದಿನ ಕೆಲಸದವರೆಲ್ಲ ಟೀ ಕುಡಿಯುತ್ತಿದ್ದಾಗ ಅಣ್ಣ ಕೇಳಿದ, "ಲೋಡ್ ಹೊತ್ಕೊಂಡು ಹೋಗೋವಾಗ ಒಂದ್ಸಲನೂ ಕೆಟ್ಟಿಲ್ಲ. ಖಾಲಿ ಮಾಡ್ಕೊಂಡು ಬರೋವಾಗ ಮಾತ್ರ ಕೆಡುತ್ತೆ. ಎಂಥಾ ಜಾಣ ಗಾಡಿ ಅಲ್ವಾ ಇದು?"

ನಾಲ್ಕಾರು ಜನ ನಕ್ಕರು. ಅವಳು ಕೈಯಲ್ಲಿದ್ದ ಹಗ್ಗವನ್ನು ಅವನ ಕಾಲ ಬುಡಕ್ಕೆ ಎಸೆದು ಹೊರಟುಹೋದಳು. ಅಣ್ಣ ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ದೂರದ ಲೋಡುಗಳಿಗೆಲ್ಲ ಬಾಡಿಗೆ ಗಾಡಿ ಕರೆಸಿದ. ಅದೂ ಸಾಲದೆಂದು ಅವಳ ಗಂಡನಿಗೆ ಫೋನ್ ಮಾಡಿದ.

ಗಂಡ ಹೊಲಿಗೆ ಅಂಗಡಿಯಲ್ಲಿ ಕೆಲಸ ಮಾಡುವ ಮೆದು ಸ್ವಭಾವದವನು. ರಾತ್ರಿ ತಟ್ಟೆಯ ಮುಂದೆ ಕೂತು ತಲೆ ಎತ್ತದೆ ಕೇಳಿದ, "ವಾಪಸ್ ಬರೋವಾಗ ಎಲ್ಲಾದ್ರೂ ಹೋಗ್ತೀಯಾ? ಸುಮ್ನೆ ಕೇಳ್ದೆ."

"ಸುಮ್ನೆ ಕೇಳೋ ಮಾತೇನ್ರೀ ಇದು?"

ಒಳಕೋಣೆಯಲ್ಲಿ ಅತ್ತೆ ಟಿವಿಯ ಸದ್ದು ತಗ್ಗಿಸಿದ್ದು ಇಬ್ಬರಿಗೂ ಕೇಳಿಸಿತು. ಅವಳು ಊಟ ಬಿಟ್ಟೆದ್ದಳು. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಆ ಮನುಷ್ಯ ಅವಳನ್ನು ಎಂದೂ ಹಾಗೆ ಕೇಳಿರಲಿಲ್ಲ.

ಬೆಳಿಗ್ಗೆ ನೇರವಾಗಿ ಅಣ್ಣನ ಮುಂದೆ ನಿಂತಳು. "ಗಾಡಿ ಹತ್ತು. ಇವತ್ತು ನನ್ ಜೊತೆ ಬರ್ತಿದ್ದೀಯ."

"ನಂಗೆ ಕೆಲ್ಸ ಇದೆ ಕಣೇ."

"ನನ್ನ ಗಂಡಂಗೆ ಫೋನ್ ಮಾಡೋಕೆ ಪುರುಸೊತ್ತಿತ್ತಲ್ಲ? ಹತ್ತು."

ಬಾಗಿಲುಗಳನ್ನು ಇಳಿಸಿ ಇಬ್ಬರೂ ಖಾಲಿ ಗಾಡಿಯಲ್ಲಿ ವಾಪಸ್ ಹೊರಟರು. ಸಿಟ್ಟೆಲ್ಲ ಅವಳ ಬಲಗಾಲಿಗೆ ಇಳಿದಿತ್ತು. ಆಕ್ಸಿಲರೇಟರನ್ನು ಒತ್ತಿದವಳು ಬಿಡಲೇ ಇಲ್ಲ. ಅಣ್ಣ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡು "ನಿಧಾನ, ನಿಧಾನ" ಎನ್ನುತ್ತಲೇ ಇದ್ದ. ಹಾಳಾದ ಗಾಡಿ ಎಲ್ಲಿಯೂ ನಿಲ್ಲಲಿಲ್ಲ. ನದಿ ಸೇತುವೆ ಹತ್ತಿರ ಬಂದಾಗ ಅವನು ಬೆವರು ಒರೆಸಿಕೊಂಡು ಹೇಳಿದ, "ನೋಡಿದ್ಯಾ? ಏನಾಗಿದೆ ಇದಕ್ಕೆ?"

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಗಾಡಿಯನ್ನು ಪಕ್ಕಕ್ಕೆ ಹಾಕಿ, ಕೀಲಿ ಕಿತ್ತು ಅವನ ತೊಡೆಯ ಮೇಲೆ ಎಸೆದಳು. "ನೀನೇ ಓಡಿಸ್ಕೊಂಡು ಹೋಗು. ನಾನು ನಡ್ಕೊಂಡು ಬರ್ತೀನಿ. ಯಾರ್ ಯಾರನ್ನ ಮಾತಾಡಿಸ್ತೀನಿ ಅಂತ ಹಿಂದೆ ಕನ್ನಡಿಯಲ್ಲಿ ನೋಡ್ತಾ ಇರು."

ಅಣ್ಣ ಗಾಡಿ ಓಡಿಸುವುದೇ ಹಾಗೆ, ಪೆಡಲಿಗೆ ಎಲ್ಲಿ ನೋವಾದೀತೋ ಎಂಬಂತೆ. ಮೆಲ್ಲಗೆ ಸೇತುವೆ ಏರಿದ. ಅವಳು ಹಿಂದೆ ನಡೆದು ಬರುತ್ತಿದ್ದಾಗ ಮುಂದೆ ಹಾರ್ನುಗಳ ಗಲಾಟೆ ಕೇಳಿಸಿತು. ನಟ್ಟನಡು ಸೇತುವೆಯಲ್ಲಿ ಪಿಕಪ್ ನಿಂತಿತ್ತು. ಹಿಂದಿನ ಬಸ್ಸಿನ ಡ್ರೈವರ್ ಅರ್ಧ ಮೈ ಹೊರಗೆ ಹಾಕಿ ಬೈಯುತ್ತಿದ್ದ. ಅಣ್ಣ ಕೀಲಿ ತಿರುಗಿಸುತ್ತಿದ್ದ, ತಿರುಗಿಸುತ್ತಲೇ ಇದ್ದ.

ಅವಳು ಕಿಟಕಿಯ ಹತ್ತಿರ ಬಂದು ಬಗ್ಗಿದಳು. "ಎಲ್ಲಿಗೆ ಹೋಗಿದ್ದೆ ಅಣ್ಣ? ಯಾರನ್ನ ನೋಡೋಕೆ?"

ದಾರಿಹೋಕರಿಬ್ಬರು ಕೈಜೋಡಿಸಿದರು, ಎಲ್ಲ ಸೇರಿ ಗಾಡಿಯನ್ನು ಸೇತುವೆಯಾಚೆಗೆ ತಳ್ಳಿದರು. ತಳ್ಳುತ್ತಲೇ ಅವಳ ತಲೆ ಓಡುತ್ತಿತ್ತು. ಭಾರ ಇದ್ದಾಗ ನಿಲ್ಲುವುದಿಲ್ಲ. ಇಷ್ಟು ಹೊತ್ತು ಸಿಟ್ಟಿನಲ್ಲಿ ಒತ್ತಿದಾಗಲೂ ನಿಲ್ಲಲಿಲ್ಲ. ಇವನು ಕಾಲು ಇಟ್ಟೂ ಇಡದ ಹಾಗೆ ಓಡಿಸಿದ, ಸತ್ತುಹೋಯಿತು.

ಸ್ವಲ್ಪ ಹೊತ್ತಿಗೆ ಎಂಜಿನ್ ಹಿಡಿಯಿತು. ಅಣ್ಣನನ್ನು ಪಕ್ಕಕ್ಕೆ ಕೂರಿಸಿ, ಪೆಡಲನ್ನು ಒತ್ತಿಯೇ ಗ್ಯಾರೇಜಿಗೆ ಬಂದಳು.

"ಕಾಲು ಹಗುರ ಇಟ್ಟು ಓಡಿಸಿದ್ರೆ ಸಾಯುತ್ತೆ. ನಿಲ್ಸಿ ನೋಡಿದ್ರೆ ನಿಮಗೆ ಏನ್ ಗೊತ್ತಾಗುತ್ತೆ?"

ಗ್ಯಾರೇಜಿನವನು ಗಲ್ಲ ಕೆರೆದುಕೊಂಡ. "ಇದನ್ನ ಮೊದ್ಲೇ ಹೇಳ್ಬಾರ್ದಾ?"

"ಖಾಲಿ ಬರೋವಾಗ ನಿಲ್ಲುತ್ತೆ ಅಂತ ಎಷ್ಟ್ ಸಲ ಹೇಳಿದೀನಿ? ನಕ್ಕಿದ್ದು ಯಾರು?"

ಅವನು ಬಾನೆಟ್ ಎತ್ತಿದ. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಒಳಗೆ ಒಂದು ತಟ್ಟೆ ಇರುತ್ತದೆ. ಹಗುರ ಕಾಲಿನಲ್ಲಿ ಓಡಿಸುವಾಗ ಎಂಜಿನ್ ಗಾಳಿ ಹೀರುವ ಎಳೆತಕ್ಕೆ ಆ ತಟ್ಟೆ ಕೊಂಚ ತಿರುಗುತ್ತದೆ; ಗಾಡಿ ನಿಂತಿದ್ದಾಗ, ಪೆಡಲನ್ನು ಬಲವಾಗಿ ಒತ್ತಿದಾಗ ತಿರುಗುವುದಿಲ್ಲ. ಎಳೆತ ಮುಟ್ಟಿಸುವುದು ಒಂದು ಸಣ್ಣ ರಬ್ಬರ್ ಪೈಪು. ಅವನು ಎಂಜಿನ್ ಚಾಲೂ ಮಾಡಿ, ಆ ಪೈಪಿನ ಎಂಜಿನ್ ಕಡೆಯ ತುದಿ ಬಿಚ್ಚಿ ಬಾಯಿಗಿಟ್ಟು ಜೋರಾಗಿ ಗಾಳಿ ಎಳೆದ. ಎಂಜಿನ್ ಟಪ್ಪನೆ ಸತ್ತಿತು. ಬಿಟ್ಟು ಸ್ಟಾರ್ಟ್ ಮಾಡಿದ, ಹಿಡಿಯಿತು. ಮತ್ತೆ ಎಳೆದ, ಮತ್ತೆ ಸತ್ತಿತು.

ಮುಚ್ಚಳ ತೆಗೆದಾಗ ತಟ್ಟೆಗೆ ಕರೆಂಟ್ ಕೊಡುವ ಬೆರಳುದ್ದದ ವೈರು ಕಂಡಿತು. ಮೇಲಿನ ಹೊದಿಕೆ ಚೆನ್ನಾಗಿಯೇ ಇತ್ತು. ಹಿಡಿದು ಎಳೆದರೆ ರಬ್ಬರಿನ ಹಾಗೆ ಉದ್ದವಾಯಿತು. ಒಳಗಿನ ತಾಮ್ರ ತುಂಡಾಗಿತ್ತು. ತಟ್ಟೆ ತಿರುಗಿದಾಗಲೆಲ್ಲ ಆ ತುಂಡುಗಳು ಬೇರೆಯಾಗುತ್ತಿದ್ದವು, ಕಿಡಿ ನಿಲ್ಲುತ್ತಿತ್ತು.

ಅಣ್ಣ ಬಗ್ಗಿ ನೋಡಿ ನಕ್ಕ. "ಅಬ್ಬ, ಇಷ್ಟೇನಾ!"

"ಇಷ್ಟೇನಾ?" ಅವಳ ದನಿಗೆ ಪಕ್ಕದ ಪಂಕ್ಚರ್ ಅಂಗಡಿಯವನೂ ಎದ್ದು ನಿಂತ. "ಈ ಇಷ್ಟಕ್ಕೆ ನನ್ನ ಮನೇಲಿ ನನ್ನ ಕಳ್ಳಿ ಮಾಡಿದೆ. ಇವತ್ತು ಸಂಜೆ ನಮ್ಮನೆಗೆ ಬರ್ತೀಯ."

ಅಣ್ಣ ಬಂದ. ಗಂಡ, ಅತ್ತೆ ಇಬ್ಬರ ಮುಂದೆಯೂ ಚಪ್ಪಲಿ ಬಿಡಲು ಮರೆತು ನಿಂತ. "ಒಂದು ವೈರ್ ಹೋಗಿತ್ತು" ಎಂದ.

"ವೈರಿನ ಸುದ್ದಿ ಬೇಡ. ನೀನು ಫೋನಲ್ಲಿ ಏನಂದೆ, ಅದನ್ನ ಹೇಳು."

ಅಣ್ಣ ಅವಳ ಗಂಡನ ಕಡೆ ತಿರುಗಿದ. "ನನ್ ತಂಗಿ ಮೇಲೆ ಸುಳ್ಳು ಹೇಳ್ದೆ ಭಾವ. ತಪ್ಪಾಯ್ತು."

"ನಾನೂ ಸುಮ್ನೆ..." ಎಂದು ಗಂಡ ಬಾಯಿ ತೆರೆದ.

"ನೀವು ಈಗ ಬಾಯಿ ಮುಚ್ಕೊಂಡಿರಿ. ನಿಮ್ಮ ಹತ್ರ ಆಮೇಲೆ ಮಾತಾಡ್ತೀನಿ."

ತಪ್ಪು ಒಪ್ಪಿಕೊಂಡರೆ ಸಿಟ್ಟು ಇಳಿಯುತ್ತದೆಂದು ಅಣ್ಣ ಅಂದುಕೊಂಡಿದ್ದ. ಇಳಿಯಲಿಲ್ಲ. ದೂರದ ಲೋಡುಗಳೆಲ್ಲ ಮತ್ತೆ ಅವಳಿಗೇ ಬಂದವು, ಅವಳು ಒಂದನ್ನೂ ಬಿಡದೆ ಮುಟ್ಟಿಸಿದಳು. ಆದರೆ ಮಳೆಗಾಲ ಮುಗಿಯುವವರೆಗೂ ಅಣ್ಣನ ಜೊತೆ ಅವಳು ಆಡಿದ್ದು ವಿಳಾಸ ಮತ್ತು ಅಳತೆಯ ಮಾತು ಮಾತ್ರ. ಕಾರ್ಖಾನೆಯಲ್ಲಿ ನಕ್ಕಿದ್ದವರು ಆ ದಿನಗಳಲ್ಲಿ ಬಾಗಿಲುಗಳನ್ನು ತಾವಾಗಿಯೇ ಗಾಡಿಗೆ ಹೇರಿಕೊಡುತ್ತಿದ್ದರು. ಅವರು ಕಟ್ಟಿದ ಹಗ್ಗವನ್ನು ಅವಳು ಬಿಚ್ಚಿ ಮತ್ತೆ ತಾನೇ ಕಟ್ಟುತ್ತಿದ್ದಳು.